ಉದ್ದದ ಚಾಸಿ ಹುಡುಕಬೇಡಿ

ರೀ,

ನಾನು ಡ್ಯೂಟಿಗೆ ಹೊರಟಾಗ ಒಳ್ಳೇ ನಿದ್ದೇಲಿದ್ರಿ, ಎಬ್ಬಿಸೋಕೆ ಮನಸ್ಸು ಬರಲಿಲ್ಲ. ಹಾಲು ಕಾಯಿಸಿದ್ದೀನಿ, ಆರಿದ ಮೇಲೆ ಫ್ರಿಜ್ಜಲ್ಲಿಡಿ. ನಲ್ಲಿ ಮತ್ತೆ ಸೋರ್ತಿದೆ. ಊರವರ ಗಡಿಯಾರ ಎಲ್ಲ ರಿಪೇರಿ ಮಾಡೋರಿಗೆ ಮನೆ ನಲ್ಲಿಗೊಂದು ವಾಷರ್ ಹಾಕೋಕೆ ಮುಹೂರ್ತ ಬೇಕಾ?

ಈಗ ನಿಮ್ಮ ಪುಟಾಣಿ ಉಗಿ ಇಂಜಿನ್ನಿನ ವಿಷಯ. ನಾನು ಡ್ಯೂಟಿ ಮುಗಿಸಿ ಬಂದಾಗಲೆಲ್ಲ ಚಕ್ರ ಕೂರಿಸಿರೋ ಎರಡೂ ಚಾಸಿ, ಉದ್ದದ್ದು ಗಿಡ್ಡದ್ದು, ಊಟದ ಮೇಜಿನ ಮೇಲಿಟ್ಟು, "ಇಂಜಿನ್ ಬಾಡೀನ ಯಾವುದರ ಮೇಲೆ ಕೂರಿಸೋಣ ಹೇಳು" ಅಂತೀರಿ. ಹೇಳಿದ್ರೆ "ಮುಂದಿನ ಸಲ ನೋಡೋಣ" ಅಂತೀರಿ. ಯಾಕೆ ಅಂತ ನಂಗೆ ಗೊತ್ತಾಗಲ್ಲ ಅಂದ್ಕೊಂಡ್ರಾ? ಇಂಜಿನ್ ಮುಗಿದ್ರೆ ಹಾಗೆ ಪಕ್ಕಪಕ್ಕ ಕೂರೋಕೆ ನೆಪ ಇರಲ್ಲ ಅಂತ ತಾನೆ?

ಈ ಸಲ ನಾನೇ ಆರಿಸಿದೆ. ಗಿಡ್ಡದ್ದು. ಉದ್ದದ್ದು ಚಂದ, ಒಪ್ಪಿದೆ. ಆದ್ರೆ ಮೇಜಿನ ಮೇಲೆ ದುಂಡಗೆ ಹಾಸಿರೋ ಕಂಬಿಯ ತಿರುವಲ್ಲಿ ಹಳಿ ತಪ್ಪುತ್ತೆ, ನೆಟ್ಟಗೆ ಹೋಗೋಕಷ್ಟೇ ಲಾಯಕ್ಕು. ಗಿಡ್ಡದರ ಮೇಲೆ ಬಾಡಿ ಹಿಂದೆ ಉಗುರಷ್ಟು ಚಾಚುತ್ತೆ. ಪೆನ್ಸಿಲ್ ಗೆರೆ ಎಳೆದಿದ್ದೀನಿ, ಅಲ್ಲಿವರೆಗೆ ಅರ ಹಾಕಿ ಉಜ್ಜಿ. ಅವಸರ ಬೇಡ, ಕೈ ಜೋಪಾನ.

ಉದ್ದದ್ದು ನನ್ನ ಡ್ಯೂಟಿ ಬ್ಯಾಗಲ್ಲಿದೆ, ಮನೆಯೆಲ್ಲ ತಡಕಾಡಬೇಡಿ. ಗೂಡ್ಸ್ ಗಾಡಿ ಓಡಿಸೋಳು ನಾನು, ನೆಟ್ಟಗೆ ದೂರ ಹೋಗೋದು ನನ್ನ ಹಣೇಲಿ ಬರೆದಿದೆ. ಮನೇಲಾದರೂ ಒಂದು ಸುತ್ತು ಹೋಗಿ ನಿಮ್ಮ ಮುಂದೆ ವಾಪಸ್ ಬಂದು ನಿಲ್ಲೋ ಗಾಡಿ ಇರಲಿ.

ಮಿಕ್ಕಿದ್ದೆಲ್ಲ ಜೋಡಿಸಿ. ಚಿಮಣಿ ಮಾತ್ರ ಅಂಟಿಸಬೇಡಿ. ಅದು ನೆಟ್ಟಗಿದೆಯೋ ವಾಲಿದೆಯೋ ಅಂತ ನಾನು ಬಂದ ಮೇಲೆ ಕೂತು ಜಗಳ ಆಡೋಣ.