ಹುಣಸೆಹಣ್ಣಿನಲ್ಲಿ ತಿಕ್ಕಿದ ಗಡಿಯಾರ

ಚನ್ನರಾಯಪಟ್ಟಣ
೨೦ ಫೆಬ್ರವರಿ ೨೦೨೪

ಮೈದುನ ಜಿತೇಂದ್ರನಿಗೆ ಅತ್ತಿಗೆ ಜಿನಮ್ಮನ ಆಶೀರ್ವಾದ. ಹಾಸನದಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ನಿನ್ನೆ ಫೋನಿನಲ್ಲಿ ನೀನು ಕೂಗಾಡಿದಾಗ ನಾನು ಫೋನು ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಣ್ಣ ಹುಡುಕಿ ಹುಡುಕಿ ಕೂಡಿಟ್ಟ ಹಳೆಯ ಗಡಿಯಾರಗಳಲ್ಲಿ, ವಿಕ್ಟೋರಿಯಾ ರಾಣಿ ಕಾಲದ ಅದೊಂದರ ಮೇಲೆ ಅವರಿಗೆ ಜೀವ. ಹಿತ್ತಾಳೆಗೆ ಚಿನ್ನದ ಲೇಪ, ಪಿಂಗಾಣಿ ಮುಖ, ಎರಡೂ ಪಕ್ಕದಲ್ಲಿ ರೆಕ್ಕೆಯ ಮಕ್ಕಳ ಬೊಂಬೆಗಳು. ಹಳೇ ಪಂಚೆಯ ತುಂಡಿನಿಂದ ತಾವೇ ಒರೆಸುತ್ತಿದ್ದರು. ನನ್ನ ಒದ್ದೆ ಕೈ ತಾಕಲೂ ಬಿಡುತ್ತಿರಲಿಲ್ಲ. ಸಕ್ಕರೆ ಕಾಯಿಲೆಯಿಂದ ಕಣ್ಣು ಹೋದ ಮೇಲೆ ಅದರ ಗಂಟೆಯಿಂದಲೇ ಅವರಿಗೆ ಬೆಳಗು, ಬೈಗು ತಿಳಿಯುತ್ತಿದ್ದುದು.

ನೀನು ಬಂದು, "ಎಣ್ಣೆ ಬಿಡಿಸ್ಕಂಡು ಭಾನುವಾರ ತಂದ್ಬುಡ್ತೀನಿ ಕಣಣ್ಣ" ಎಂದು ಬೆಡ್‌ಶೀಟಿನಲ್ಲಿ ಸುತ್ತಿಕೊಂಡು ಹೋದೆ. ಕೇಳಿದಾಗಲೆಲ್ಲ "ಮಿಷನ್ನು ಬಿಚ್ಚವ್ರೆ ಅತ್ತಿಗೆ" ಎಂದೆ. ನಿನ್ನ ಶೋಕೇಸಿನಲ್ಲಿ ಅದು ಓಡುತ್ತಿರುವುದನ್ನು ನಮ್ಮ ಪಕ್ಕದ ಮನೆಯ ಮಾಯಮ್ಮ ನೋಡಿ ಬಂದು ಹೇಳಿದಳು. ಇವರಿಗೆ ನಾನು ಹೇಳಲಿಲ್ಲ. "ಗಡಿಯಾರ ಬಂತೇನೇ?" ಎಂದು ದಿನವೂ ಕೇಳುತ್ತಿದ್ದರು. ತಡೆಯಲಾರದೆ ಒಂದು ದಿನ ಕಂಚಿನ ಲೋಟಕ್ಕೆ ಚಮಚದಿಂದ ಬಡಿದೆ. "ಅದು ಲೋಟ ಕಣೆ" ಎಂದು ನಕ್ಕರು. ಆ ವಾರವೇ ಹೋಗಿಬಿಟ್ಟರು.

ಹೆಣದ ಮುಂದೆ ನೀನು ಬಿದ್ದು ಹೊರಳಾಡಿ ಅತ್ತೆ. ಗಡಿಯಾರದ ಮಾತು ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ಹೊಸ ಮನೆಯ ಗೃಹಪ್ರವೇಶ ಹತ್ತಿರ ಬಂದಾಗ ನೀನಾಗಿ ಫೋನು ಮಾಡಿದೆ. "ಅಣ್ಣ ಅದನ್ನ ಅಂಗೆ ಪಳಪಳ ಅನ್ನಂಗೆ ಇಟ್ಕಂಡಿದ್ನಲ್ಲ, ಏನಾಕಿ ತಿಕ್ತಿದ್ದ?" ಎಂದೆ. ನೆನಪು ಮಾಡಿಕೊಂಡು ನಾಳೆ ಹೇಳುತ್ತೇನೆ ಅಂದೆ ನಾನು. ಮರುದಿನ, ಹುಣಸೆಹಣ್ಣು, ಉಪ್ಪು, ಬೂದಿ ಎಂದೆ. ಹಬ್ಬಕ್ಕೆ ದೀಪದ ಕಂಬ, ಬಸದಿಯ ತಂಬಿಗೆ ತಿಕ್ಕುವ ಹಾಗೆಯೇ. ನಿಮ್ಮವ್ವ ತಿಕ್ಕುವುದನ್ನು ನೋಡಿ ಬೆಳೆದವನು ನೀನು, ಅನುಮಾನವೇ ಬರಲಿಲ್ಲ.

"ಚಿನ್ನವೆಲ್ಲ ಓಗಿ ತಂಬಿಗೆ ಆಗೋಯ್ತಲ್ಲತ್ತಿಗೆ, ನೆಂಟ್ರ ಮುಂದೆ ಎಂಗಿಡ್ಲಿ?" ಎನ್ನುತ್ತೀಯ. ಎಂಟನೇ ಕ್ಲಾಸು ಓದಿದವಳಿಗೆ ರಾಣಿಯ ಕಾಲದ ವಸ್ತುವಿನ ವಿಷಯ ಏನು ಗೊತ್ತಪ್ಪ?

ಗಂಟೆ ಮಾತ್ರ ಸರಿಯಾಗಿ ಹೊಡೆಯುತ್ತದೆ ಎಂದೆಯಲ್ಲ. ಕೇಳಿಸಿಕೊಂಡಿರು.

ಇಂತಿ,
ನಿನ್ನ ಅತ್ತಿಗೆ
ಜಿನಮ್ಮ

ಹೇಳಲು ಮರೆತೆ: ಗಡಿಯಾರದ ಜೊತೆಯಲ್ಲಿ ಬಂದಿದ್ದ ಎರಡು ಮೋಂಬತ್ತಿ ಕಂಬಗಳನ್ನು ನೀನು ಒಯ್ದಿರಲಿಲ್ಲ. ಇಲ್ಲೇ ಇವೆ. ಒಂದರ ಚಿನ್ನ ಹಾಗೆಯೇ ಇದೆ. ಇನ್ನೊಂದನ್ನು, ಏನು ಹಾಕಿ ತಿಕ್ಕುವುದೆಂದು ನೀನು ಫೋನು ಮಾಡಿ ಕೇಳಿದ ದಿನ ಸಂಜೆಯೇ ಹುಣಸೆಹಣ್ಣು ಹಾಕಿ ತಿಕ್ಕಿ ನೋಡಿದ್ದೆ.