ಹಳದಿ ರಟ್ಟಿನ ಸೊನಾಟಾ

ಜೂನ್ 3, ಬೆಳಿಗ್ಗೆ

ಎಂದಿನಂತೆ ಪಿಯಾನೊ ಮುಂದೆ ಕೂತು ಸ್ಕೇಲ್ಸ್, ಸ್ವರಗಳ ಏರಿಳಿತ. ಆಮೇಲೆ ಎಡಗೈ ಮಾತ್ರ, ನಿಧಾನಕ್ಕೆ. ಮೀಸೆಯವರ ಸೊನಾಟಾ ಇನ್ನೂ ಕೈಗೆ ಪೂರ್ತಿ ಕೂತಿಲ್ಲ. ಮೀಸೆಯವರು ಎಂದರೆ ನನ್ನ ಈಗಿನ ರಷ್ಯನ್ ಸಂಗೀತ ರಚನಕಾರ. ಫೋಟೊದಲ್ಲಿ ಮುಖಕ್ಕಿಂತ ಮೀಸೆಯೇ ದೊಡ್ಡದು, ಹೆಸರು ಹೇಳಲು ಹೋದರೆ ನಾಲಿಗೆ ತೊಡರುತ್ತದೆ. ಹೊಟ್ಟೆಪಾಡಿಗೆ ಸಿನಿಮಾಗಳಿಗೆ ಸರ್ಕಾರ ಮೆಚ್ಚುವಂಥ ಕವಾಯತು ಸಂಗೀತ ಬರೆದುಕೊಟ್ಟು, ಇಂಥದ್ದನ್ನೆಲ್ಲ ಪೆಟ್ಟಿಗೆಯಲ್ಲಿ ಮುಚ್ಚಿಟ್ಟು ಸತ್ತವರು. ಸತ್ತ ಮೇಲೆ ಅಚ್ಚಾಯಿತು. ಅದೂ ಒಂದೇ ಸಲ.

ಎರಡನೆಯ ಭಾಗದಲ್ಲಿ ಒಂದು ಕಿತಾಪತಿ ಮಾಡಿದ್ದಾರೆ. ಒಂದೇ ರಾಗ ಮೂರು ಸಲ ಬರುತ್ತದೆ, ಮೂರು ಸಲವೂ ಬೇರೆ ಬೇರೆ ಕಡೆಗೆ ತಿರುಗಿಕೊಳ್ಳುತ್ತದೆ. ಎಚ್ಚರ ತಪ್ಪಿದರೆ ಮೂರನೆಯದರಿಂದ ಮತ್ತೆ ಮೊದಲನೆಯದಕ್ಕೆ... ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇರಬೇಕು. ಇಂಥ ಹೊಂಡಕ್ಕೆ ಪಿಯಾನೊದವರೆಲ್ಲ ಒಂದಲ್ಲ ಒಂದು ದಿನ ಬಿದ್ದವರೇ. ಬಿದ್ದರೂ ಬೀಳದವರಂತೆ ಮುಖ ಮಾಡುವುದು ನಮ್ಮ ಕಸುಬಿನ ಅರ್ಧ.

ಇವರು ಆಫೀಸಿಗೆ ಹೊರಡುವಾಗ ಇಣುಕಿ, "ನಿನ್ನ ಮೀಸೆಯವರು ಇವತ್ತೂ ಅಳ್ತಾ ಇದಾರಲ್ಲೇ" ಎಂದರು. ಮದುವೆಯಾಗಿ ಇಷ್ಟು ಕಾಲವಾದರೂ ಈ ಮನುಷ್ಯನಿಗೆ ಮೈನರ್ ಸ್ಕೇಲ್ ಎಂದರೆ ಅಳು, ಮೇಜರ್ ಸ್ಕೇಲ್ ಎಂದರೆ ನಗು.

ಜೂನ್ 11

ಮೀಸೆಯವರ ಸಿಡಿಗೆ ರೆಕಾರ್ಡಿಂಗ್ ಶುರು. ಗಾಜಿನಾಚೆ ಕಿವಿರಾಯರು. ಸೌಂಡ್ ಎಂಜಿನಿಯರ್‌ಗೆ ಈ ಹೆಸರಿಟ್ಟವರು ಯಾರೋ, ಅವರಿಗೂ ಅದು ಇಷ್ಟ. ತೊಡೆಯ ಮೇಲೆ ಸ್ವರಲಿಪಿ, ಕೈಯಲ್ಲಿ ಪೆನ್ಸಿಲ್. ಒಂದು ಬೆರಳು ಜಾರಿದರೂ ಗುರುತು ಹಾಕುತ್ತಾರೆ.

ಎರಡನೆಯ ಭಾಗವನ್ನು ಪುಸ್ತಕ ಇಲ್ಲದೆ, ಕಣ್ಣು ಮುಚ್ಚಿ, ಒಂದೇ ಉಸಿರಿನಲ್ಲಿ ನುಡಿಸಿದೆ. ಮುಗಿಸಿದಾಗ ಕಿವಿರಾಯರು ಬಾಗಿಲು ತೆರೆದುಕೊಂಡು ಬಂದರು.

"ಮೇಡಂ, ಮಾತಿಲ್ಲ! ಒಂದೇ ಒಂದು ಡೌಟು. ಮೂರನೇ ಸಲ ಆ ರಾಗ ಬಂದ್ಮೇಲೆ ಎರಡು ಸಾಲು ನುಡಿಸಿದ್ರಲ್ಲ... ಅದು ನನ್ನ ಪುಸ್ತಕದಲ್ಲಿಲ್ಲ."

"ನಿಮ್ಮದ್ಯಾವ ಎಡಿಷನ್?"

"ಇರೋದು ಇದೊಂದೇ ಅಂದ್ಕೊಂಡಿದ್ದೆ."

"ನನ್ನದು ಬೇರೆ. ಹಳದಿ ರಟ್ಟಿನದು. ಅದರಲ್ಲಿದೆ."

ಕಿವಿರಾಯರ ಮುಖ ಅರಳಿತು. ಯಾರಿಗೂ ಗೊತ್ತಿಲ್ಲದ ಎಡಿಷನ್! ಸಿಡಿ ಜೊತೆಗಿನ ಪುಸ್ತಿಕೆಯಲ್ಲಿ ದೊಡ್ಡದಾಗಿ ಹಾಕೋಣ, ಒಂದು ಕಾಪಿ ಮಾಡಿಸಿ ಕೊಡಿ ಎಂದರು. ಆಗಲಿ ಎಂದೆ.

ಜೂನ್ 12

ಹಳದಿ ಪುಸ್ತಕ ಸಿಗುತ್ತಿಲ್ಲ. ಕಪಾಟು, ಪಿಯಾನೊ ಸ್ಟೂಲಿನ ಒಳಗೆ, ಮಂಚದ ಕೆಳಗೆ — ಮನೆಯನ್ನೆಲ್ಲ ಜಾಲಾಡಿದೆ. ರಟ್ಟಿನ ಮೂಲೆ ಮಡಿಚಿದೆ. ಆ ಎರಡು ಸಾಲು ಬಲಗಡೆ ಪುಟದಲ್ಲಿ, ಮೇಲೆ. ಕಣ್ಣು ಮುಚ್ಚಿದರೆ ಕಾಣುತ್ತದೆ.

ಇವರನ್ನು ಕೇಳಿದೆ. "ಹಳದಿನಾ? ನಿನ್ನ ಹತ್ರ ಇರೋದು ಬೂದು ಬಣ್ಣದ್ದೊಂದೇ. ನಾನೇ ಅಲ್ವೇನೆ ಬೈಂಡ್ ಮಾಡಿಸ್ಕೊಂಡು ಬಂದಿದ್ದು?"

"ಇನ್ನೊಂದಿತ್ತು."

"ಇತ್ತೇನೋಪ್ಪ. ನಾನಂತೂ ನೋಡಿಲ್ಲ."

ಎಂಥಾ ಮೊಂಡು ಮನುಷ್ಯ. ಆದರೆ ಸುಳ್ಳು ಹೇಳುವವರಲ್ಲ. ಬೂದು ಪುಸ್ತಕ ತೆರೆದೆ. ಆ ಎರಡು ಸಾಲು ಇಲ್ಲ. ಪುಟದ ನಂಬರ್ ನೋಡಿದೆ, ಯಾವ ಪುಟವೂ ಕಳಚಿಲ್ಲ. ಮತ್ತೆ ಮೊದಲಿನಿಂದ ಎಣಿಸಿದೆ.

ಜೂನ್ 14

ಅಕ್ಕನಿಗೆ ಫೋನ್ ಮಾಡಿ ತಮಾಷೆಯಾಗಿ ಹೇಳಿದೆ. ಇಲ್ಲದ ಪುಸ್ತಕ ಹುಡುಕುತ್ತಿದ್ದೇನೆ ಕಣೇ, ಅಂತ. ಅವಳು ನಗಲಿಲ್ಲ. ಎಲ್ಲದಕ್ಕೂ ಹಲ್ಲು ಕಿರಿಯುವವಳು.

"ಅಮ್ಮ ಮೂರನೇ ತೋಳು ಹೊಲಿದದ್ದು ನೆನಪಿದೆಯಾ?" ಎಂದಳು.

ನೆನಪಿಲ್ಲದೆ ಏನು. ಅಮ್ಮ ಟೈಲರ್. ಬೀದಿಯಲ್ಲಿ ಅವಳ ಕೈ ಹೊಲಿಗೆ ಎಂದರೆ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಒಂದು ದಿನ ಒಬ್ಬ ಹೆಂಗಸಿನ ಕೋಟಿಗೆ ಬೆನ್ನ ಮೇಲೆ ಮೂರನೆಯ ತೋಳು ಹೊಲಿದಿಟ್ಟಳು. ನೀಟಾಗಿ, ಲೈನಿಂಗ್ ಸಮೇತ. ಆ ಹೆಂಗಸು ಹೌಹಾರಿದರೆ, "ನೀವೇ ಅಲ್ವಾ ಹೇಳಿದ್ದು?" ಎಂದು ಜಗಳಕ್ಕೇ ನಿಂತಳು. ನಾವಿಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು. ಆಮೇಲಾಮೇಲೆ ನಮ್ಮ ಹೆಸರೂ ಮರೆತುಹೋಯಿತು ಅವಳಿಗೆ.

"ಆಗ ಅಮ್ಮಂಗೆ ನಿನ್ನದೇ ವಯಸ್ಸು ಕಣೇ," ಎಂದಳು ಅಕ್ಕ.

ಬಾಯಿ ಮುಚ್ಚು ಎಂದು ಫೋನ್ ಇಟ್ಟೆ. ಆಮೇಲೆ ಪಿಯಾನೊ ಮುಚ್ಚಳ ತೆಗೆಯಲಿಲ್ಲ. ಭಯ. ಬೇರೆ ಹೆಸರಿಲ್ಲ ಇದಕ್ಕೆ.

ಜೂನ್ 18

ಎರಡನೆಯ ಸಲ ರೆಕಾರ್ಡಿಂಗ್. ಪುಸ್ತಕದಲ್ಲಿರುವುದನ್ನಷ್ಟೇ ನುಡಿಸುವುದು ಎಂದು ಗಟ್ಟಿ ಮಾಡಿಕೊಂಡು ಹೋದೆ. ನುಡಿಸಿದೆ. ತಪ್ಪಿಲ್ಲ, ಖಂಡಿತ ತಪ್ಪಿಲ್ಲ ಎನಿಸಿತು.

ಕಿವಿರಾಯರು ಒಳಗೆ ಕರೆದು ಹೆಡ್‌ಫೋನ್ ಕೊಟ್ಟರು. "ಬೇಜಾರು ಮಾಡ್ಕೋಬೇಡಿ ಮೇಡಂ. ಮೊನ್ನೆ ನುಡಿಸಿದ ಎರಡು ಸಾಲೇ ಬೇರೆ. ಇವತ್ತು ಸೇರಿಸಿದ್ದೇ ಬೇರೆ. ನಿಮ್ಮ ಹಳದಿ ಎಡಿಷನ್ ದಿನಾ ಬದಲಾಗುತ್ತಾ?"

ಪಾಪ, ತಮಾಷೆಗೆ ಹೇಳಿದ್ದು. ಕೇಳಿಸಿಕೊಂಡೆ. ಎರಡೂ ನನ್ನ ಕೈ. ಎರಡೂ ಚೆನ್ನಾಗಿವೆ, ಮೀಸೆಯವರೇ ಬರೆದಂತಿವೆ. ಎಲ್ಲಕ್ಕಿಂತ ಹೆದರಿಸಿದ್ದು ಏನೆಂದರೆ — ಎರಡೂ ನನಗೆ ಪುಸ್ತಕದಲ್ಲಿ ಓದಿದ ನೆನಪಿದೆ. ಎರಡೂ ಬಲಗಡೆ ಪುಟದಲ್ಲಿ, ಮೇಲೆ.

ತಲೆನೋವು ಎಂದು ಹೇಳಿ ಎದ್ದು ಬಂದೆ. ಮನೆ ದಾರಿ ಗೊತ್ತಿತ್ತು. ಗೊತ್ತಿದೆಯಾ ಎಂದು ಪ್ರತಿ ತಿರುವಿನಲ್ಲೂ ನನ್ನನ್ನೇ ಕೇಳಿಕೊಂಡೆ.

ಜೂನ್ 30

ಅಕ್ಕ ಹೇಳದೆ ಕೇಳದೆ ಬಂದಿಳಿದಳು. ಬ್ಯಾಗ್ ಕೆಳಗಿಡುವ ಮೊದಲೇ ಶುರು. "ಎಲ್ಲರಿಗೂ ಗೊತ್ತಿರೋ ದೊಡ್ಡೋರನ್ನ ಬಿಟ್ಟು ಈ ಮೂಲೆಗುಂಪಾದ ರಷ್ಯನ್ನರ ಹಿಂದೆ ಯಾಕೆ ಬಿದ್ದೆ ನೀನು?"

ನನ್ನ ಬಗ್ಗೆ ಪತ್ರಿಕೆಯಲ್ಲಿ ಬಂದಿದ್ದನ್ನು ತೋರಿಸಿದೆ — "ಮರೆತುಹೋದವರನ್ನು ನೆನಪಿಸುವ ಕೈಗಳು". ಹೆಮ್ಮೆಯಿಂದ ಗೋಡೆಗೆ ತೂಗುಹಾಕಿದ್ದು.

"ಪೇಪರಿನವರನ್ನ ಕೇಳಲಿಲ್ಲ. ನಿನ್ನ ಕೇಳಿದೆ."

ಒಳಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ. ಈ ಡೈರಿ ಯಾರು ಓದುತ್ತಾರೆ, ಬರೆದುಬಿಡುತ್ತೇನೆ. ದೊಡ್ಡವರ ಸಂಗೀತ ನುಡಿಸುವಾಗ ಮುಂದಿನ ಸ್ವರ ಯಾವುದೆಂದು ಇಡೀ ಹಾಲ್‌ಗೆ ಗೊತ್ತಿರುತ್ತದೆ. ಮೀಸೆಯವರದ್ದು ಯಾರಿಗೂ ಗೊತ್ತಿಲ್ಲ. ತಪ್ಪಿದರೂ ಚಪ್ಪಾಳೆ. ಪ್ರೀತಿಯಿಂದಲೇ ಹುಡುಕಿದೆ ಈ ಜನರನ್ನು, ಆಣೆ. ಆದರೆ ಕೈಗೆ ನನಗಿಂತ ಮೊದಲೇ ಭಯ ಹತ್ತಿತ್ತೋ ಏನೋ. ಅಡಗಲು ಜಾಗ ಹುಡುಕಿಕೊಂಡಿತೋ ಏನೋ.

ಆಗಸ್ಟ್ 9

ಹೋದ ವಾರ ಇವರಿಗೆ ಎಲ್ಲ ಹೇಳಿದೆ. ಇವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. "ನಾನಿದೀನಲ್ಲ," ಎಂದರು. ಇದ್ದರೆ ಏನು ಮಾಡುತ್ತೀರಿ, ಒಂದು ಸ್ವರ ಓದಲು ಬರುವುದಿಲ್ಲ ನಿಮಗೆ ಎಂದು ರೇಗಿದೆ. ಆಮೇಲೆ ಅವರ ಅಂಗಿ ಒದ್ದೆಯಾಗುವಷ್ಟು ಅತ್ತೆ.

ಇವತ್ತು ಇವರೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ಚಿಕ್ಕ ಹುಡುಗಿ, ಒಳ್ಳೆಯವಳು. ನನ್ನ ತಲೆಯ ಸ್ಕ್ಯಾನ್ ಫಿಲ್ಮುಗಳನ್ನು ಬೆಳಕಿಗೆ ಹಿಡಿದು ನೋಡಿದಳು. ಅಮ್ಮನದೇ ಮರೆವಿನ ರೋಗ, ಅನುಮಾನವಿಲ್ಲ. ಸಮಾಧಾನಕ್ಕೆ, "ಕೈಯಲ್ಲಿರೋ ಸಂಗೀತ ಅಷ್ಟು ಬೇಗ ಹೋಗಲ್ಲಮ್ಮ, ಬೇರೆಲ್ಲ ಹೋದ್ಮೇಲೂ ಉಳಿಯುತ್ತೆ," ಎಂದಳು.

ಬೇರೆಲ್ಲ ಹೋದ ಮೇಲೆ! ಇದೂ ಒಂದು ಸಮಾಧಾನವೇ?

ಅಕ್ಟೋಬರ್ 2

ಕಿವಿರಾಯರಿಗೂ ನಿಜ ಹೇಳಿದೆ. ಹಳದಿ ಪುಸ್ತಕ ಇಲ್ಲ, ಎಂದೂ ಇರಲಿಲ್ಲ. ಅವರು ಬಹಳ ಹೊತ್ತು ಪೆನ್ಸಿಲ್ ಚೂಪು ಮಾಡಿದರು. ಆಮೇಲೆ ಗಾಜಿನಾಚೆಯಿಂದ ಎದ್ದು ಬಂದು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡರು. ಬೂದು ಪುಸ್ತಕ ಎದುರಿಗೆ, ಅವರ ಬೆರಳು ಸಾಲಿನ ಕೆಳಗೆ. ಒಂದೊಂದೇ ಸಾಲು ರೆಕಾರ್ಡ್ ಮಾಡಿ ಜೋಡಿಸಿದೆವು. ಎಲ್ಕೆಜಿ ಮಗುವಿಗೆ ಓದಿಸುವ ಹಾಗೆ.

ಸೊನಾಟಾ ಮುಗಿಯಿತು. ಪುಸ್ತಕದಲ್ಲಿ ಇರುವಷ್ಟೇ. ಮೀಸೆಯವರೇ, ನಿಮಗೆ ನ್ಯಾಯ ಸಂದಿತು.

ಫೆಬ್ರವರಿ 20

ಇವತ್ತು ಪಿಯಾನೊ ಪಾಠಕ್ಕೆ ವಿದ್ಯಾರ್ಥಿಗಳು ಯಾರೂ ಬರಲಿಲ್ಲ. ಕಾದೆ. ಇವರು ಹೇಳುತ್ತಾರೆ, ಪಾಠ ನಿಲ್ಲಿಸಿ ಬಹಳ ದಿನವಾಯಿತಂತೆ, ನಾನೇ ಎಲ್ಲರಿಗೂ ಫೋನ್ ಮಾಡಿ ಹೇಳಿದೆನಂತೆ. ಇವರು ಆಫೀಸಿಗೆ ಯಾಕೆ ಹೋಗಿಲ್ಲ? ಕೇಳಲು ಹೆದರಿಕೆ. ಉತ್ತರ ಆಗಲೇ ಹೇಳಿದ್ದು, ನಾನೇ ಮರೆತಿದ್ದರೆ?

ಭಾನುವಾರ — ವಾರ ಯಾವುದೆಂದು ಇವರನ್ನು ಕೇಳಿ ಬರೆದಿದ್ದು

ಪಿಯಾನೊ ಮೇಲೆ ಒಂದು ಬೂದು ಬಣ್ಣದ ಪುಸ್ತಕ. ರಷ್ಯನ್ ಅಕ್ಷರ. ಯಾರು ತಂದಿಟ್ಟರೋ. ಓದುತ್ತಾ ನುಡಿಸಿದೆ. ಸ್ವರ ಓದುವುದು ಬರುತ್ತದೆ, ಅದೊಂದು ಪುಣ್ಯ. ನಿಧಾನದ ಭಾಗ ತುಂಬ ಚೆನ್ನಾಗಿದೆ. ಇಂಥವರು ಇಷ್ಟು ದಿನ ಎಲ್ಲಿದ್ದರು? ಯಾಕೆ ಯಾರೂ ನುಡಿಸುವುದಿಲ್ಲ ಇದನ್ನು? ಇದನ್ನು ಜನರಿಗೆ ಕೇಳಿಸಬೇಕು.

ಪುಟದ ಕೊನೆ ಬಂತು. ತಿರುಗಿಸುವುದು ತಡವಾಯಿತು. ಕೈ ನಿಲ್ಲಲಿಲ್ಲ. ತಾನೇ ಮುಂದೆ ಹೋಯಿತು — ಎಲ್ಲೂ ತಡವರಿಸದೆ. ಗಾಬರಿಯಿಂದ ನಿಲ್ಲಿಸಿ ಪುಟ ತಿರುಗಿಸಿ ನೋಡಿದೆ. ಅದೇ ಇತ್ತು ಅಲ್ಲಿ. ಒಂದೊಂದು ಸ್ವರವೂ.

ನಾನು ನೋಡಿಯೇ ಇಲ್ಲದ್ದು ಕೈಗೆ ಹೇಗೆ ಗೊತ್ತು? ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡೆ. ಯಾರದೋ ಕೈಗಳನ್ನು ನೋಡುವಂತೆ ನೋಡಿದೆ.

ಇವರು ಬಂದು ಪಕ್ಕದಲ್ಲಿ ಕೂತರು.

"ಇದನ್ನ ನಾನು ಮುಂಚೆ ನುಡಿಸಿದೀನಾ?"

ಇವರು ಕಿಟಕಿ ಕಡೆ ನೋಡಿದರು. "ಮುಂದೆ ನುಡಿಸು," ಎಂದರು.

"ಭಯ ಆಗ್ತಿದೆ ರೀ."

"ಗೊತ್ತು. ನುಡಿಸು. ಪುಟ ನಾನು ತಿರುಗಿಸ್ತೀನಿ. ಯಾವಾಗ ಅಂತ ನೀನು ತಲೆ ಆಡಿಸು, ಸಾಕು."

ಇವರಿಗೆ ಸಂಗೀತ ಬರುವುದಿಲ್ಲ. ನನ್ನ ಮುಖವನ್ನೇ ನೋಡುತ್ತಾ ಕೂತಿದ್ದರು. ನುಡಿಸಿದೆ. ಸಾಲು ಮುಗಿಯುತ್ತಾ ಬಂತು, ತಲೆ ಆಡಿಸಬೇಕಾದ ಜಾಗ ಬಂತು. ನಾನು ತಲೆ ಆಡಿಸಿದೆನೋ ಇಲ್ಲವೋ ನೆನಪಿಲ್ಲ, ಪುಟ ಮಾತ್ರ ತಿರುಗಿತು.