ಉಗ್ರಾಣದ ಬಾಗಿಲು

ನಮ್ಮ ಹೊಸ ಮನೆ, ಅಡುಗೆಮನೆಯ ಮೇಜು
ಮಂಗಳವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಕ್ಕಾ,

ನಾನು ಬರೆದ ದೃಶ್ಯವನ್ನೇ ಕ್ಲಾಸಿನವರೆಲ್ಲ ಸೇರಿ ಶೂಟ್ ಮಾಡುತ್ತಾರಂತೆ, ಹದಿನೆಂಟು ಜನರಲ್ಲಿ ನನ್ನದು! ಇದನ್ನು ಮೊದಲು ಹೇಳದೆ ನನಗೆ ಉಸಿರೇ ಆಡುತ್ತಿರಲಿಲ್ಲ. ಈಗ ಮರ್ಯಾದೆಯಾಗಿ ಕೇಳುತ್ತೇನೆ, ಹೇಗಿದ್ದೀಯ? ಮಂಡಿನೋವು ಇಳಿಯಿತಾ? ಭಾವನ ಕೆಮ್ಮು? ಫೋನಿನಲ್ಲಿ ನೀನು ನನ್ನ ಒಂದು ಮಾತನ್ನೂ ಮುಗಿಸಲು ಬಿಡುವುದಿಲ್ಲ, ಅದಕ್ಕೇ ಕಾಗದ. ಇಂಗ್ಲಿಷ್ ಮೀಡಿಯಂನವಳ ಕನ್ನಡ ಅಂತ ನಗು, ಪರವಾಗಿಲ್ಲ, ಪೂರ್ತಿ ಓದು.

ಯಾವ ಕ್ಲಾಸು ಅಂತೀಯಾ? ಹಾರರ್, ಸಸ್ಪೆನ್ಸ್ ಸಿನಿಮಾಗಳಿಗೆ ಚಿತ್ರಕಥೆ ಬರೆಯುವ ಕ್ಲಾಸು. ಮದುವೆಯಾಗಿ ತಿಂಗಳಿಗೇ ಹೆಂಡತಿ ಹೆದರಿಸುವುದನ್ನು ಕಲಿಯಲು ಹೊರಟಿದ್ದಾಳೆ ಅಂತ ಇವರು ಆಫೀಸಿನಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ. ಟೈಲರ್ ಅಂಗಡಿಯ ಮೇಲಿನ ಕೋಣೆ, ಪ್ಲಾಸ್ಟಿಕ್ ಕುರ್ಚಿಗಳು, ಕೆಳಗಿನಿಂದ ಹೊಲಿಗೆ ಯಂತ್ರದ ಸದ್ದು. ನಮ್ಮ ಮೇಷ್ಟ್ರು ನೋಡಲು ಬ್ಯಾಂಕಿನ ಗುಮಾಸ್ತರ ಹಾಗೆ. ದೆವ್ವದ ಮಾತೇ ಎತ್ತುವುದಿಲ್ಲ. ಏನೇ ಬರೆದುಕೊಂಡು ಹೋಗಲಿ, ಮೊದಲು ಕೇಳುವುದು ಬಾಗಿಲು ಒಳಕ್ಕೆ ತೆರೆಯುತ್ತದೋ ಹೊರಕ್ಕೋ, ಚಿಲಕ ಯಾವ ಕಡೆ ಇದೆ ಅಂತ. ಒಳಗಿರುವವಳಿಗೆ ಗೊತ್ತಿಲ್ಲದ್ದು ನೋಡುವವರಿಗೆ ಗೊತ್ತಿರಬೇಕು, ಆಗಲೇ ಕುರ್ಚಿ ಬಿಟ್ಟು ಏಳುವುದಿಲ್ಲ ಅನ್ನುತ್ತಾರೆ. ಈಗ ನಾನು ಯಾರ ಮನೆಗೆ ಹೋದರೂ ಮೊದಲು ಚಿಲಕ ನೋಡುತ್ತೇನೆ, ಹುಚ್ಚು ಹಿಡಿದಿದೆ.

ಮೂರನೇ ವಾರದ ಹೋಂವರ್ಕ್: ನಿಮ್ಮದೇ ಮನೆಯಲ್ಲಿ ಹಗಲು ಹೊತ್ತಿನಲ್ಲಿ ಆದ ಭಯ. ನಾನು ನಮ್ಮ ಹಳೇ ಮನೆಯ ಉಗ್ರಾಣ ಬರೆದೆ. ನಿನಗೆ ಹನ್ನೊಂದು, ನನಗೆ ಏಳು. ಶಟಲ್ ಬ್ಯಾಟು ತರಲು ನೀನು ಒಳಗೆ ಹೋದೆ, ಬಾಗಿಲು ಮುಚ್ಚಿಕೊಂಡಿತು, ಅಮ್ಮ ಬರುವವರೆಗೆ ಒಂದೂವರೆ ಗಂಟೆ ಕತ್ತಲೆಯಲ್ಲಿದ್ದೆ. ಮರ ಉಬ್ಬಿದೆ ಅಂತ ಅಪ್ಪ ಬಡಗಿಯನ್ನು ಕರೆಸಿದರು. “ಬಾಗಿಲಿಗೆ ಏನೂ ಆಗಿಲ್ಲವಲ್ಲ ಸಾರ್” ಅಂದ ಅವನು, ಅಪ್ಪ ಹೇಳಿದರು ಅಂತ ಅಂಚು ಉಜ್ಜಿ ಸವೆಸಿಯೂ ಹೋದ. ಅಂದಿನಿಂದ ಆ ಪಾಪದ ಬಾಗಿಲು ಗಾಳಿ ಬಂದರೆ ಸಾಕು, ಕಟಕಟ ಅನ್ನುತ್ತದೆ.

ಎಲ್ಲ ಓದಿ ಮೇಷ್ಟ್ರು ಕೇಳಿದ್ದು ಒಂದೇ: “ಅಷ್ಟು ಹೊತ್ತು ತಂಗಿ ಎಲ್ಲಿದ್ದಳಮ್ಮಾ?” ಮೇಜಿನ ಹತ್ತಿರ ಕೂತು ಚಿತ್ರಕ್ಕೆ ಬಣ್ಣ ಹಾಕುತ್ತಿದ್ದಳು ಅಂದೆ. “ಹಾಗಾದರೆ ಕ್ಯಾಮೆರಾ ಅವಳ ಮುಖದ ಮೇಲಿರಲಿ. ಉಗ್ರಾಣ ತೋರಿಸಲೇಬೇಡ” ಅಂದರು. ಮನೆಗೆ ಬಂದು ಹಾಗೇ ತಿದ್ದಿ ಬರೆದೆ. ಅದೇ ಆಯ್ಕೆಯಾಗಿದ್ದು. ಎಲ್ಲರೂ ಚಪ್ಪಾಳೆ ತಟ್ಟುವಾಗ ನನಗೆ ನೆನಪಾಗಿದ್ದು ನನ್ನ ಮದುವೆಯ ಛತ್ರ. ಐದನೇ ಮಹಡಿಗೆ ಹೂವಿನ ಬುಟ್ಟಿ ಹಿಡಿದು ನೀನು ಮೆಟ್ಟಿಲು ಹತ್ತಿ ಬಂದೆ, ಲಿಫ್ಟಿಗೆ ಹೆದರುವ ಹೆಡ್‌ಮಿಸ್ಟ್ರೆಸ್ ಅಂತ ಎಲ್ಲರೂ ರೇಗಿಸಿದರು. ನಾನೂ ನಕ್ಕೆ, ಅಕ್ಕಾ.

ಭಾವನಿಗೆ ನಮಸ್ಕಾರ ಹೇಳು. ಮಂಡಿಗೆ ಬಿಸಿನೀರಿನ ಶಾಖ ತಪ್ಪಿಸಬೇಡ.

ಎಲ್ಲಿ ಹೋದರೂ ಹಿಂದೆ ಬರುತ್ತಿದ್ದ,
ನಿನ್ನ ಬಾಲ

ತಾ.ಕ.: ಚಿಲಕ ಹಾಕಿದ್ದು ನಾನು. “ಇವತ್ತು ಬಾಲ ಬೇಡ” ಅಂತ ನೀನೊಬ್ಬಳೇ ಆಡಲು ಹೊರಟಿದ್ದೆ, ಅದಕ್ಕೆ. ಐದೇ ನಿಮಿಷ ಅಂದುಕೊಂಡೆ. ನೀನು ಕೂಗಲು ಶುರು ಮಾಡಿದ ಮೇಲೆ ತೆಗೆಯಲು ಹೆದರಿಕೆಯಾಯಿತು. ಅಮ್ಮನ ಚಪ್ಪಲಿಯ ಸದ್ದು ಕೇಳಿದಾಗ ಸದ್ದಿಲ್ಲದೆ ಚಿಲಕ ಸರಿಸಿ ಬಂದು ಮತ್ತೆ ಬಣ್ಣ ಹಾಕುತ್ತಾ ಕೂತೆ. ಶೂಟಿಂಗ್ ಮುಂದಿನ ವಾರ. ನೀನು ಹೂಂ ಅನ್ನದೆ ದೃಶ್ಯದ ಹಾಳೆ ಕೊಡುವುದಿಲ್ಲ ಅಂತ ಮೇಷ್ಟ್ರಿಗೆ ಹೇಳಿದ್ದೇನೆ, ಬೇಡ ಅಂದರೆ ನಿನ್ನೆದುರೇ ಹರಿಯುತ್ತೇನೆ. ಸ್ಟೇಷನ್ನಿಗೆ ಬರಬೇಡ, ನಿನ್ನ ಆರು ಮಹಡಿಯನ್ನೂ ಮೆಟ್ಟಿಲಲ್ಲೇ ಹತ್ತಿ ಬರುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ನಿನಗೆ ಬಿಟ್ಟದ್ದು. ಶನಿವಾರ, ಬೆಳಗಿನ ಏಳು ಹತ್ತರ ಪ್ಯಾಸೆಂಜರ್.